ಅರ್ಧ ಬೋರ್ಡಿಗೆ ಹಳೆಯ ಬಣ್ಣ

ತೀರ್ಥಹಳ್ಳಿಯಲ್ಲಿ ನನ್ನ ಸೋದರಮಾವನ ದಿನಸಿ ಅಂಗಡಿ ಇದೆ. ಅದರ ಜಗಲಿಯ ಮೇಲೆ ಅಜ್ಜನ ಕಾಲದಿಂದ ಹಲಸಿನ ಹಲಗೆಯ ಬೋರ್ಡೊಂದು ಇತ್ತು. ಎಂಟು ಅಡಿ ಉದ್ದ, ಎರಡು ಅಡಿ ಎತ್ತರ. ಮೇಲಿನ ಸಾಲಿನಲ್ಲಿ ‘ದಿನಸಿ ವ್ಯಾಪಾರಿಗಳು’, ಕೆಳಗಿನ ಸಾಲಿನಲ್ಲಿ ‘ಕಾಫಿ ಪುಡಿ, ಬೆಲ್ಲ, ಅಕ್ಕಿ, ಉಪ್ಪು’. ಬಿಳಿ ನೆಲ, ಕೆಂಪು ಅಕ್ಷರ, ಕಪ್ಪು ಶೇಡ್. ಹೋದ ಮಳೆಗಾಲದಲ್ಲಿ ಮಾಡಿನ ದಂಬೆ (ಮಳೆನೀರು ಹರಿದುಹೋಗುವ ದೋಣಿ) ಸೋರಿ ಬೋರ್ಡಿನ ಬಲಗಡೆ ನೆನೆದು ನೆನೆದು ಮೆತ್ತಗಾಯಿತು. ಆಮೇಲೆ ಗೆದ್ದಲು ಹತ್ತಿತು. ದೀಪಾವಳಿಗೆ ಧೂಳು ಹೊಡೆಯಲು ಇಳಿಸಿದಾಗ ಬಲಗಡೆ ಪುಡಿಪುಡಿಯಾಗಿ ಕೈಗೇ ಬಂತು. ಉಳಿದದ್ದು ‘ದಿನಸಿ ವ್ಯಾ’ ಮತ್ತು ‘ಕಾಫಿ ಪುಡಿ, ಬೆ’.

ಮಾವ ಫ್ಲೆಕ್ಸ್ ಹಾಕಿಸುವ ಯೋಚನೆಯಲ್ಲಿದ್ದರು. ಅತ್ತೆ ಒಪ್ಪಲಿಲ್ಲ. ‘ನಮ್ಮ ಮಾವನೋರು ಬರೆಸಿದ ಬೋರ್ಡು ಮಾರಾಯ, ಉಳಿದಿದ್ದನ್ನಾದ್ರೂ ಉಳಿಸ್ಕೊಡು’ ಎಂದು ನನ್ನ ಕಡೆ ನೋಡಿದರು. ನಾನು ರಜೆ ಸಿಕ್ಕಾಗ ಹಳೆಯ ಪೆಟ್ಟಿಗೆ, ಕುರ್ಚಿ, ಟ್ರಂಕಿನ ಮೇಲಿನ ಹೆಸರು ಇಂಥವನ್ನೆಲ್ಲ ಸರಿಮಾಡುತ್ತಿರುತ್ತೇನೆ. ಒಪ್ಪಿಕೊಂಡೆ. ಹೊಸ ಹಲಗೆ ಜೋಡಿಸಿ, ಹೋದ ಅಕ್ಷರ ಬರೆದು, ಅದನ್ನು ಎಡಗಡೆಯ ಅರ್ಧದಷ್ಟೇ ಹಳೆಯದಾಗಿ ಕಾಣಿಸಬೇಕು. ಇಷ್ಟು ಕೆಲಸ. ಒಂದು ತಿಂಗಳು ಅಂದುಕೊಂಡೆ. ಡಿಸೆಂಬರಿನಲ್ಲಿ ಶುರು ಮಾಡಿದ್ದು ಶಿವರಾತ್ರಿ ದಾಟಿತು.

ಹೊಸ ಬೋರ್ಡನ್ನು ಪೂರ್ತಿ ಹಳೆಯದು ಮಾಡುವುದು ಸುಲಭ. ಪಕ್ಕದಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಇಲ್ಲಿ ಹಾಗಲ್ಲ. ನಿಜವಾದ ಹಳತು ಒಂದಂಗುಲ ಪಕ್ಕದಲ್ಲೇ ಇದೆ. ನಾನು ಮಾಡಿದ ಸುಳ್ಳು ತಕ್ಷಣ ಕಾಣುತ್ತದೆ. ಅದಕ್ಕೇ ಮೊದಲ ಒಂದು ವಾರ ಬ್ರಷ್ ಮುಟ್ಟಲಿಲ್ಲ. ಬೋರ್ಡನ್ನು ಜಗಲಿಯ ಗೋಡೆಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸುಮ್ನೆ ನೋಡಿದೆ.

ಬೋರ್ಡು ಏನು ಹೇಳಿತು

ಮೇಲಿನ ಮೂರು ಅಂಗುಲ ಮಾಡಿನ ನೆರಳಿನಲ್ಲಿತ್ತು. ಅಲ್ಲಿ ಕೆಂಪು ಇನ್ನೂ ಕೆಂಪಾಗಿಯೇ ಇದೆ. ಆದರೆ ಬಿಳಿ ಹಳದಿಗೆ ತಿರುಗಿದೆ. ಕೆಳಗೆ, ಬಿಸಿಲು ಬೀಳುವ ಕಡೆ, ಇದರ ಉಲ್ಟಾ. ಕೆಂಪು ಗುಲಾಬಿಯಾಗಿದೆ, ಬಿಳಿ ಇನ್ನೂ ಬಿಳಿಯೇ. ಕೈ ಸವರಿದರೆ ಮಾತ್ರ ಸೀಮೆಸುಣ್ಣದ ಹಾಗೆ ಬೆರಳಿಗೆ ಅಂಟುತ್ತದೆ. ಎಣ್ಣೆ ಬಣ್ಣದ ಬಿಳಿ ಹಳದಿಯಾಗುವುದು ಬೆಳಕಿಲ್ಲದ ಜಾಗದಲ್ಲಿ. ಬಿಸಿಲು ಆ ಹಳದಿಯನ್ನು ತೆಗೆಯುತ್ತದೆ, ಜೊತೆಗೆ ಬಣ್ಣವನ್ನು ಹಿಡಿದಿಟ್ಟ ಎಣ್ಣೆಯ ಅಂಶವನ್ನೂ ತಿನ್ನುತ್ತದೆ. ಆಗ ಬಣ್ಣದ ಪುಡಿ ಮಾತ್ರ ಮೇಲೆ ಸಡಿಲವಾಗಿ ಉಳಿಯುತ್ತದೆ. ಹಳೆಯದು ಕಾಣಲಿ ಅಂತ ಇಡೀ ಬೋರ್ಡಿಗೆ ಚಹಾ ಬಣ್ಣ ಬಳಿಯುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಹೋಟೆಲ್ಲುಗಳಲ್ಲಂತೂ ಜಾಸ್ತಿ. ಬಿಸಿಲಿನಲ್ಲಿ ಇದ್ದ ಬೋರ್ಡು ಹಾಗೆ ಆಗುವುದೇ ಇಲ್ಲ.

ಕಪ್ಪು ಶೇಡ್ ಎಲ್ಲ ಕಡೆಯೂ ಗಟ್ಟಿಯಾಗಿತ್ತು. ಕಪ್ಪು ಬಣ್ಣ ಮಸಿಯಿಂದ ಆದದ್ದು. ಇಂಗಾಲ ಬಿಸಿಲಿಗೆ ಮಾಸುವುದಿಲ್ಲ. ಕೆಂಪು ಮಾಸಿ, ಅದರ ಶೇಡ್ ಉಳಿದಿದ್ದರಿಂದ ರಸ್ತೆಯ ಆಚೆಯಿಂದ ನೋಡಿದರೆ ಅಕ್ಷರಕ್ಕಿಂತ ಅದರ ನೆರಳೇ ಮೊದಲು ಓದಿಸಿಕೊಳ್ಳುತ್ತಿತ್ತು. ಹಳೆಯ ಪೇಟೆಗಳಲ್ಲಿ ಇಂಥ ಬೋರ್ಡು ಇನ್ನೂ ಸಿಗುತ್ತವೆ, ಗಮನಿಸಿ ನೋಡಿ.

ಇನ್ನೊಂದು ವಿಷಯ ಕನ್ನಡ ಅಕ್ಷರಕ್ಕೇ ಸಂಬಂಧಪಟ್ಟದ್ದು. ನೀರು ಬೋರ್ಡಿನ ಮೇಲಿಂದ ಇಳಿದು ಕೆಳಗಿನ ಅಂಚಿನಲ್ಲಿ ತೊಟ್ಟಿಕ್ಕುತ್ತದೆ. ಆ ಅಂಚು ಎಲ್ಲಕ್ಕಿಂತ ತಡವಾಗಿ ಒಣಗುತ್ತದೆ. ನಮ್ಮ ಒತ್ತಕ್ಷರಗಳು ಕೂರುವುದು ಸರಿಯಾಗಿ ಅಲ್ಲೇ. ತಲೆಕಟ್ಟು ನೆರಳಿನ ಕಡೆ, ಒತ್ತು ನೀರಿನ ಕಡೆ. ಉಳಿದ ಅರ್ಧದ ಕೆಳಸಾಲಿನಲ್ಲಿ ಒತ್ತು ಇರಲಿಲ್ಲ. ಆದರೂ ‘ಫ’ದ ಕೆಳಗಿನ ಗೀಟು ಪೂರ್ತಿ ಅಳಿಸಿಹೋಗಿ ‘ಕಾಪಿ ಪುಡಿ’ ಆಗಿತ್ತು. ನಾನು ಬರೆಯಬೇಕಾದ ಅರ್ಧದಲ್ಲಿ ‘ಲ್ಲ’, ‘ಕ್ಕಿ’, ‘ಪ್ಪು’ ಮೂರೂ ಒತ್ತುಗಳು. ಹಳತಾಗಿ ಕಾಣಬೇಕಾದರೆ ಮೊದಲು ಸವೆಯಬೇಕಾದದ್ದು ಇವೇ.

ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಮುಂಗಾರಿನ ಗಾಳಿ ಬರುವುದೂ ನೈಋತ್ಯದಿಂದ. ಆಗುಂಬೆ ಘಾಟಿ ಹತ್ತಿರದಲ್ಲೇ ಇದೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿಗೆ ಅಷ್ಟಿಲ್ಲ, ಆದರೂ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಇರಚಲು ಬಿಡುವುದಿಲ್ಲ. ಅದಕ್ಕೆ ಮಾವ ಪ್ರತಿ ವರ್ಷ ಜಗಲಿಗೆ ಟಾರ್ಪಾಲು ಕಟ್ಟುತ್ತಾರೆ. ಟಾರ್ಪಾಲಿನ ಹಗ್ಗ ಬೋರ್ಡಿನ ಮೇಲೆ ಅಡ್ಡ ಹಾದು, ಗಾಳಿಗೆ ಉಜ್ಜಿ ಉಜ್ಜಿ, ‘ದಿನಸಿ’ಯ ಹೊಟ್ಟೆಯ ಮೇಲೆ ಒಂದು ಓರೆ ಗೆರೆ ಮೂಡಿತ್ತು. ಅಲ್ಲಿ ಮರವೇ ಕಾಣುತ್ತಿತ್ತು.

ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಗುರುತು ಮಾಡಿಕೊಂಡೆ. ಮುಂದೆ ಮಾಡಿದ ಕೆಲಸವೆಲ್ಲ ಆ ಒಂದು ಪುಟ ನೋಡಿಕೊಂಡೇ.

ಒಂದು ಎಚ್ಚರಿಕೆ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅಜ್ಜನ ಕಾಲದ ಬಣ್ಣ ಅಂದರೆ ಸೀಸ ಇದೆ ಎಂದೇ ತಿಳಿದು ನಡೆಯಬೇಕು. ಹಳೆಯ ಅರ್ಧವನ್ನು ಒಣದಾಗಿ ಉಜ್ಜಲೇಬೇಡಿ. ನಾನು ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ, ಅಷ್ಟೇ. ಅತ್ತೆಯ ಮೊಮ್ಮಕ್ಕಳನ್ನು ಆ ದಿನ ಜಗಲಿಗೆ ಬಿಡಲಿಲ್ಲ.

ಮರಕ್ಕೆ ಚೊಗರು

ಹೊಸ ಭಾಗಕ್ಕೂ ಹಲಸೇ ಬೇಕು ಎಂದು ಹಟ ಹಿಡಿದೆ. ಅಟ್ಟದಲ್ಲಿ ಹಳೆಯ ಮಂಚದ ಹಲಗೆ ಸಿಕ್ಕಿತು. ಹೊರಗೆ ಕಂದು, ರಂದ ಹೊಡೆದರೆ ಒಳಗೆ ಹಳದಿ. ಹಲಸು ಗಾಳಿ ಬೆಳಕಿಗೆ ಕಂದಾಗುತ್ತದೆ, ಆದರೆ ಅದಕ್ಕೆ ವರ್ಷಗಳು ಬೇಕು. ಹಳೆಯ ಅರ್ಧದಲ್ಲಿ ಬಣ್ಣ ಎದ್ದ ಜಾಗದ ಮರ ಕಂದೂ ಅಲ್ಲ, ಮಳೆಗೆ ತೊಯ್ದು ಬೂದಿಯಾಗಿತ್ತು. ಆ ಬೂದಿ ಬಣ್ಣ ಬೇಕಿತ್ತು.

ಇದಕ್ಕೆ ಗೊತ್ತಿರುವ ಉಪಾಯ ಕಬ್ಬಿಣ ಮತ್ತು ವಿನೆಗರ್. ಕಬ್ಬಿಣವನ್ನು ವಿನೆಗರಿನಲ್ಲಿ ನೆನೆಹಾಕಿದರೆ ಅದು ಕರಗಿ ಕಬ್ಬಿಣದ ಅಸಿಟೇಟ್ ಆಗುತ್ತದೆ. ಮರದಲ್ಲಿರುವ ಒಗರಿನ ಅಂಶಕ್ಕೆ (ಟ್ಯಾನಿನ್) ಅದು ತಾಗಿದರೆ ಮರ ಬೂದಿಯಿಂದ ಕಪ್ಪಿನವರೆಗೆ ತಿರುಗುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಮರದಲ್ಲಿ ಒಗರು ಕಡಿಮೆ ಇದ್ದರೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಬಳಿಯಬೇಕು ಅನ್ನುತ್ತಾರೆ.

ಮೊದಲ ಸಲ ಪಾತ್ರೆ ಉಜ್ಜುವ ಸ್ಟೀಲ್ ಜುಂಗು ಹಾಕಿದೆ. ನಾಲ್ಕು ದಿನ ಕಳೆದರೂ ವಿನೆಗರ್ ತಿಳಿಯಾಗಿಯೇ ಇತ್ತು. ಅದು ಸ್ಟೇನ್‌ಲೆಸ್. ತುಕ್ಕು ಹಿಡಿಯದ ಉಕ್ಕು ಇಲ್ಲಿ ಉಪಯೋಗವಿಲ್ಲ. ಆಮೇಲೆ ಪಕ್ಕದ ಕಟ್ಟಡದ ಸೆಂಟ್ರಿಂಗಿನವರಿಂದ ಒಂದು ಹಿಡಿ ಬೈಂಡಿಂಗ್ ವೈರ್ ಇಸಿದುಕೊಂಡೆ. ಅದರ ಜೊತೆ ಹಳೆಯ ಬೋರ್ಡಿನಿಂದ ಬಿದ್ದ ತುಕ್ಕು ಮೊಳೆಗಳನ್ನೂ ಹಾಕಿದೆ. ಒಂದು ವಾರಕ್ಕೆ ನೀರು ಕಂದು ಕಂದಾಯಿತು. ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಬೇಡಿ. ಕಬ್ಬಿಣ ಕರಗುವಾಗ ಹೈಡ್ರೋಜನ್ ಹೊರಡುತ್ತದೆ.

ಡಿಕಾಕ್ಷನ್ ಬದಲು ಚೊಗರು ಬಳಿಯುವ ಯೋಚನೆ ಬಂದದ್ದು ಮಾವನ ತೋಟದ ಮನೆಯಲ್ಲಿ. ಆಗ ಅಡಿಕೆ ಸುಗ್ಗಿ. ಅಂಗಳದಲ್ಲಿ ಸುಲಿದ ಅಡಿಕೆ ಹಂಡೆಯಲ್ಲಿ ಬೇಯುತ್ತಿತ್ತು. ಅಡಿಕೆ ಬೇಯಿಸಿ ಬೇಯಿಸಿ ಗಟ್ಟಿಯಾಗಿ ಉಳಿಯುವ ಆ ಕೆಂಪು ರಸ, ಅದೇ ಚೊಗರು. ಅಡಿಕೆಗೆ ಬಣ್ಣ ಬರುವುದು ಅದರಿಂದಲೇ. ಕೈಗೆ ಹತ್ತಿದರೆ ವಾರ ಹೋಗುವುದಿಲ್ಲ. ಬಟ್ಟೆಗೂ ಇದರಿಂದ ಬಣ್ಣ ಹಾಕುತ್ತಾರೆ. ನಾಲಿಗೆಗೆ ಇಟ್ಟರೆ ಬಾಯಿ ಒಣಗಿಸುವ ಆ ಒಗರೇ ನನಗೆ ಬೇಕಾದದ್ದು. ಒಂದು ಚೊಂಬು ಕೇಳಿದೆ. ಮಾವ ‘ಇದನ್ನ ಬೋರ್ಡಿಗೆ ಹಾಕ್ತೀಯಾ?’ ಎಂದು ಕೇಳಿ, ತಾವೇ ಒಂದು ಕ್ಯಾನಿನಲ್ಲಿ ತುಂಬಿಸಿಕೊಟ್ಟರು.

ಮೊದಲು ಚೂರು ಹಲಗೆಗಳ ಮೇಲೆ ನೋಡಿದೆ. ಗಟ್ಟಿ ಚೊಗರು ಬಳಿದು, ಒಣಗಿದ ಮೇಲೆ ಕಬ್ಬಿಣದ ನೀರು ಸವರಿದರೆ ನೋಡನೋಡುತ್ತಲೇ ಕಾಡಿಗೆ ಕಪ್ಪು. ಇದ್ದಿಲಿನ ಹಾಗೆ. ಅದು ಬೇಡ. ಚೊಗರು ಒಂದು ಪಾಲಿಗೆ ನೀರು ಐದು ಪಾಲು, ಕಬ್ಬಿಣದ ನೀರಿಗೂ ಅಷ್ಟೇ ನೀರು ಬೆರೆಸಿದಾಗ ಬೂದಿ ಬಂತು. ಡಿಕಾಕ್ಷನ್ ಬಳಿದ ಚೂರಿನಲ್ಲೂ ಬೂದಿ ಬಂತು, ಆದರೆ ಅದು ತಣ್ಣಗಿನ ನೀಲಿ ಬೂದಿ. ಚೊಗರಿನದ್ದರಲ್ಲಿ ಒಳಗಿನಿಂದ ಒಂದು ಕೆಂಪು ಛಾಯೆ ಇತ್ತು. ಎರಡನ್ನೂ ಹಳೆಯ ಅರ್ಧದ ಪಕ್ಕ ಹಿಡಿದೆ. ಚೊಗರೇ ಸರಿ ಹೊಂದಿತು. ಈ ಇಡೀ ಕೆಲಸದಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಗಳಿಗೆ ಅದು.

ಬಣ್ಣಕ್ಕೆ ಮೊದಲು ಹಲಗೆಯ ಕೆಳಗಿನ ಮೂರು ಅಂಗುಲವನ್ನು ತಂತಿ ಬ್ರಷ್ಷಿನಿಂದ ಮರದ ಎಳೆಯ ಉದ್ದಕ್ಕೇ ಉಜ್ಜಿದೆ. ಅಡ್ಡ ಉಜ್ಜಿದರೆ ಗೀರು ಕಾಣುತ್ತದೆ, ಮಳೆ ತಿಂದ ಹಾಗೆ ಕಾಣುವುದಿಲ್ಲ. ಆಮೇಲೆ ಚೊಗರು, ಕಬ್ಬಿಣದ ನೀರು. ಕೊನೆಗೆ ಬರೀ ನೀರಿನಲ್ಲಿ ಒರೆಸಿ ನೆರಳಿನಲ್ಲಿ ನಾಲ್ಕು ದಿನ ಒಣಗಿಸಿದೆ. ಹಿಂದಿನಿಂದ ಎರಡು ರೀಪು ಕೊಟ್ಟು, ಸ್ಕ್ರೂ ಹಾಕಿ ಎರಡು ಅರ್ಧ ಜೋಡಿಸಿದೆ.

ಮೇಣ, ಆಮೇಲೆ ಬಣ್ಣ

ಬಣ್ಣ ಎದ್ದುಹೋದ ಹಾಗೆ ಕಾಣಿಸಲು ಬಹಳ ಜನ ಬಣ್ಣ ಒಣಗಿದ ಮೇಲೆ ಉಪ್ಪು ಕಾಗದ ಹಿಡಿದು ಉಜ್ಜುತ್ತಾರೆ. ಹಾಗೆ ಮಾಡಿದರೆ ಅಂಚು ನುಣ್ಣಗೆ ಕರಗಿದಂತಾಗುತ್ತದೆ. ನಿಜವಾದ ಹಳೆಯ ಬಣ್ಣ ಚಕ್ಕೆಯಾಗಿ ಏಳುತ್ತದೆ, ಅಂಚು ಚೂಪಾಗಿರುತ್ತದೆ. ಅದಕ್ಕೆ ಮೇಣವೇ ಬೇಕು. ಕರೆಂಟು ಹೋದಾಗ ಹಚ್ಚುವ ಸಾದಾ ಮೇಣದಬತ್ತಿ ಸಾಕು. ಬಣ್ಣ ಎಲ್ಲಿ ಏಳಬೇಕೋ ಅಲ್ಲಿ ಮೊದಲೇ ಬರಿಯ ಮರಕ್ಕೆ ಮೇಣ ಉಜ್ಜಬೇಕು. ಅದರ ಮೇಲೆ ಬಳಿದ ಪ್ರೈಮರ್ ಮರಕ್ಕೆ ಹಿಡಿಯುವುದಿಲ್ಲ.

ಎಲ್ಲೆಲ್ಲಿ? ಕೆಳಗಿನ ಅಂಚಿನ ಉದ್ದಕ್ಕೂ, ಆದರೆ ಬಿಟ್ಟು ಬಿಟ್ಟು. ಮೊಳೆಗಳ ಸುತ್ತ. ಒತ್ತಕ್ಷರ ಬರುವ ಜಾಗದಲ್ಲಿ. ಮೇಲಿನ ಮೂರು ಅಂಗುಲದಲ್ಲಿ ಒಂದು ಚುಕ್ಕೆಯೂ ಬೇಡ. ದಂಬೆ ಸೋರುತ್ತಿದ್ದದ್ದು ಬಲತುದಿಯಲ್ಲಿ, ಹಾಗಾಗಿ ಬಲಕ್ಕೆ ಹೋದ ಹಾಗೆ ಮೇಣ ಜಾಸ್ತಿ ಮಾಡಿದೆ. ನ್ಯಾಯವಾಗಿ ನೋಡಿದರೆ ‘ಉಪ್ಪು’ ಓದಲೇ ಬಾರದಷ್ಟು ಹಾಳಾಗಬೇಕಿತ್ತು. ಅಲ್ಲಿ ನಾನು ಕೈ ತಡೆದೆ. ಅದು ನಡೆಯುತ್ತಿರುವ ಅಂಗಡಿಯ ಬೋರ್ಡು. ಗಿರಾಕಿ ಓದಬೇಕು ಅಲ್ವಾ?

ಪ್ರೈಮರ್ ಮೇಲೆ ಬಿಳಿ ಎನಾಮಲ್ ಎರಡು ಕೋಟು. ಬಿಳಿಯನ್ನು ಎರಡು ಡಬ್ಬಿ ಮಾಡಿಕೊಂಡಿದ್ದೆ. ಮೇಲಿನ ಪಟ್ಟಿಗೆ ಹಳದಿ ಸ್ಟೇನರ್ (ಪೇಂಟಿಗೆ ಬೆರೆಸುವ ಗಾಢ ಬಣ್ಣ) ನಾಲ್ಕೈದು ಹನಿ, ಕಂದು ಒಂದು ಹನಿ. ಕೆಳಗಿನದಕ್ಕೆ ಸ್ಟೇನರ್ ಇಲ್ಲ, ಸೀಮೆಸುಣ್ಣವನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿದ ಪುಡಿ ಮಾತ್ರ. ನೂರು ಮಿಲಿ ಬಣ್ಣಕ್ಕೆ ಎರಡು ಚಮಚ. ಹೊಳಪು ಸತ್ತು ಬಣ್ಣ ಮಂಕಾಗುತ್ತದೆ. ಎರಡೂ ಹಸಿ ಇರುವಾಗಲೇ ಒಣ ಬ್ರಷ್ಷಿನಲ್ಲಿ ಸೇರಿಸಿದರೆ ನಡುವೆ ಗೆರೆ ಕಾಣುವುದಿಲ್ಲ.

ಅಕ್ಷರ ಬರೆಯುವ ಮೊದಲು ಪೇಟೆಯಲ್ಲಿ ಹಿಂದೆ ಬೋರ್ಡು ಬರೆಯುತ್ತಿದ್ದ ಒಬ್ಬ ಹಿರಿಯರ ಮನೆಗೆ ಹೋದೆ. ಫ್ಲೆಕ್ಸ್ ಬಂದ ಮೇಲೆ ಅವರು ಕೆಲಸ ಬಿಟ್ಟರು. ನಮ್ಮ ಬೋರ್ಡು ಅವರ ಕೈಯದಲ್ಲ, ಅವರಿಗಿಂತ ಹಿಂದಿನವರದ್ದು. ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಇವ್ರು ಬ್ರಷ್ ಎತ್ತೋವಾಗ ತಿರುಗಿಸಿ ಎತ್ತಿದಾರೆ ನೋಡಿ. ತಲೆಕಟ್ಟಿನ ತುದಿ ಮುಳ್ಳಿನ ಹಾಗಿದೆ’ ಎಂದರು. ನನ್ನ ಕಣ್ಣಿಗೆ ಅದು ಅಲ್ಲಿಯವರೆಗೆ ಬಿದ್ದಿರಲಿಲ್ಲ.

‘ಅಣ್ಣಾ, ಹಳೇದು ಕಾಣಬೇಕು, ಸ್ವಲ್ಪ ನಡುಗಿಸಿ ಬರೆಯಲಾ?’ ಎಂದು ಕೇಳಿದೆ.

‘ಬೇಡ ತಮ್ಮಾ. ಇದು ಬರೆದ ದಿನ ಹೊಸಾದೇ ಇತ್ತಲ್ಲ. ಮೊದ್ಲು ಹೊಸ ಬೋರ್ಡು ಬರೀರಿ, ಆಮೇಲೆ ಹಳೇದು ಮಾಡಿ. ನಡುಗಿಸಿದ್ರೆ ಬರೆಯೋಕೆ ಬಾರದವನು ಬರೆದ ಹಾಗೆ ಕಾಣ್ತದೆ.’

ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಹಳೆಯ ಅರ್ಧವನ್ನು ಮತ್ತೆ ನೋಡಿದರೆ ಎಷ್ಟೇ ಸವೆದಿದ್ದರೂ ಗೆರೆಯ ಹರಿವು ಎಲ್ಲೂ ತಡವರಿಸಿರಲಿಲ್ಲ.

‘ಪ’ಗೆ ‘ಪುಡಿ’ಯ ಮಾದರಿ ಇತ್ತು. ‘ರ’, ‘ಗ’, ‘ಳ’, ‘ಲ’, ‘ಅ’, ‘ಉ’ ಇವಕ್ಕೆ ಮಾದರಿಯೇ ಇಲ್ಲ. ಅತ್ತೆಯ ಹಳೆಯ ಆಲ್ಬಮ್ಮಿನಲ್ಲಿ ಅಂಗಡಿಯ ಮುಂದೆ ನಿಂತು ತೆಗೆಸಿದ ಒಂದು ಫೋಟೋ ಸಿಕ್ಕಿತು. ಅಕ್ಷರ ಮಸುಕು, ಆದರೆ ಅಳತೆ ತಿಳಿಯಿತು. ಬರೆದವರಿಗೆ ಕೊನೆಯಲ್ಲಿ ಜಾಗ ಸಾಲದೆ ‘ಉಪ್ಪು’ವನ್ನು ಒತ್ತಿ ಸಣ್ಣದು ಮಾಡಿದ್ದಾರೆ. ನಾನೂ ಹಾಗೇ ಒತ್ತಿದೆ. ದುಂಡಗಿನ ಭಾಗಗಳನ್ನು ‘ದಿನಸಿ’ಯ ‘ದ’ ಮತ್ತು ‘ನ’ಗಳಿಂದ ತೆಗೆದುಕೊಂಡೆ. ಗೆರೆಯ ದಪ್ಪ, ತಿರುವಿನ ಓರೆ ಅವೇ. ಬಟರ್ ಪೇಪರಿನ ಮೇಲೆ ಅಕ್ಷರ ಬರೆದು, ಗೆರೆಯ ಮೇಲೆ ಸೂಜಿಯಿಂದ ಚುಚ್ಚಿ, ಬೋರ್ಡಿಗೆ ಅಂಟಿಸಿ, ಬಟ್ಟೆ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟಿದೆ. ಕಾಗದ ತೆಗೆದರೆ ಅಕ್ಷರ ಚುಕ್ಕಿ ಚುಕ್ಕಿಯಾಗಿ ಮೂಡಿರುತ್ತದೆ. ಸಾಲು ನೆಟ್ಟಗೆ ಬರಲು ಸುಣ್ಣ ಹಚ್ಚಿದ ದಾರ ಮೀಟಿದೆ. ಬಣ್ಣದ ತಟ್ಟೆಯಾಗಿ ಅಡಿಕೆ ಹಾಳೆ ಬಳಸಿದೆ, ಅದು ಹೊರಗೆ ಎಷ್ಟು ಬೇಕಾದರೂ ಬಿದ್ದಿರುತ್ತದೆ.

ಬಿಳಿ ನೆಲದ ಮೇಲೆ, ಅಕ್ಷರದ ಕೆಳಗೆ ಇನ್ನೊಮ್ಮೆ ಮೇಣ ಸ್ವಲ್ಪ ಸವರಿದೆ. ಕೆಲವು ಕಡೆ ಕೆಂಪು ಮಾತ್ರ ಎದ್ದು ಬಿಳಿ ಉಳಿಯಬೇಕು. ಎಲ್ಲ ಕಡೆಯೂ ಮರದವರೆಗೆ ಹೋದರೆ ಒಂದೇ ದಿನ ಯಾರೋ ಕೆರೆದ ಹಾಗೆ ಕಾಣುತ್ತದೆ. ಆಮೇಲೆ ಕೆಂಪು ಅಕ್ಷರ, ಮಾರನೆಯ ದಿನ ಕಪ್ಪು ಶೇಡ್. ಆ ಸಂಜೆ ಬೋರ್ಡು ಅರ್ಧ ಅಜ್ಜನ ಕಾಲದ್ದು, ಅರ್ಧ ಅದೇ ದಿನದ್ದು. ಬರೆದದ್ದು ಚೆನ್ನಾಗಿಯೇ ಬಂದಿತ್ತು. ಅದನ್ನು ಕೆರೆಯಲು ಮನಸ್ಸು ಬರಲಿಲ್ಲ.

ಕಾಯುವುದು

ನಾಲ್ಕನೆಯ ದಿನ ಮುಟ್ಟಿ ನೋಡಿದೆ. ಒಣಗಿದೆ ಅನ್ನಿಸಿತು. ‘ಗ’ದ ಮೂಲೆಯಲ್ಲಿ ಉಜ್ಜಿದರೆ ಬಣ್ಣ ರಬ್ಬರಿನಂತೆ ಸುರುಳಿ ಸುತ್ತಿತು. ಮೇಲೆ ಒಣಗಿ ಒಳಗೆ ಹಸಿ. ಆ ‘ಗ’ವನ್ನು ಪೂರ್ತಿ ಒರೆಸಿ ಮತ್ತೆ ಬರೆಯಬೇಕಾಯಿತು. ಚಳಿಗಾಲದ ಇಬ್ಬನಿಯಲ್ಲಿ ನಮ್ಮ ಕಡೆ ಎನಾಮಲ್ ಗಟ್ಟಿಯಾಗಲು ಹದಿನೈದು ದಿನವಾದರೂ ಬೇಕು. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ನಾನು ಇಪ್ಪತ್ತು ದಿನ ಬಿಟ್ಟೆ.

ಆ ದಿನಗಳಲ್ಲಿ ಫೆವಿಕಾಲ್ ಬಿರುಕನ್ನು ಚೂರು ಹಲಗೆಯ ಮೇಲೆ ಮಾಡಿ ನೋಡಿದೆ. ಒಣಗಿದ ನೆಲದ ಮೇಲೆ ಫೆವಿಕಾಲ್ ಬಳಿದು, ಅದು ಇನ್ನೂ ಅಂಟುಅಂಟಾಗಿ ಇರುವಾಗ ಮೇಲೆ ನೀರಿನ ಬಣ್ಣ ಒಂದೇ ಎಳೆತದಲ್ಲಿ ಹಾಕಬೇಕು. ಮೇಲಿನ ಬಣ್ಣ ಬೇಗ ಒಣಗಿ, ಕೆಳಗಿನ ಅಂಟು ಜರುಗುವಾಗ ಬಿರುಕು ಬಿಡುತ್ತದೆ. ಅಂಟು ದಪ್ಪವಾದರೆ ಬಿರುಕು ದೊಡ್ಡದು. ನೋಡಲು ಬಹಳ ಚೆನ್ನಾಗಿ ಬರುತ್ತದೆ. ನಾಟಕದ ಸೀನಿಗೆ, ಮನೆಯೊಳಗಿನ ಫಲಕಕ್ಕೆ ಧಾರಾಳವಾಗಿ ಬಳಸಿ. ಹೊರಗೆ ಬೇಡ. ಸಾಮಾನ್ಯ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ, ಒಂದು ಮಳೆಗಾಲಕ್ಕೆ ಬಣ್ಣವೆಲ್ಲ ಜಾರಿಬಿಡುತ್ತದೆ. ನಮ್ಮ ಬೋರ್ಡಿನಲ್ಲಿ ಆ ತರಹದ ಬಿರುಕು ಇರಲೂ ಇಲ್ಲ. ಚೆನ್ನಾಗಿ ಕಾಣುತ್ತದೆ ಅಂತ ಇಲ್ಲದ್ದನ್ನು ಸೇರಿಸಲು ನನಗೆ ಮನಸ್ಸಾಗಲಿಲ್ಲ.

ಹಳತು ಮಾಡಿದ ದಿನಗಳು

ಕಾಲ ಯಾವ ಕ್ರಮದಲ್ಲಿ ಮಾಡಿತೋ ಅದೇ ಕ್ರಮದಲ್ಲಿ ಮಾಡಬೇಕು. ಮೊದಲು ಬಿಸಿಲು, ಆಮೇಲೆ ಸವೆತ, ಆಮೇಲೆ ತುಕ್ಕು, ಕೊನೆಗೆ ಕೊಳೆ. ಕೊಳೆ ಮೊದಲು ಹಾಕಿ ಆಮೇಲೆ ಕೆರೆದರೆ ಕೆರೆದ ಜಾಗ ಹೊಚ್ಚ ಹೊಸದಾಗಿ ಹೊಳೆಯುತ್ತದೆ.

ಬಿಸಿಲಿಗೆ: ಕೆಂಪು, ಬಿಳಿ, ಸೀಮೆಸುಣ್ಣದ ಪುಡಿ ಬೆರೆಸಿ ಗುಲಾಬಿ ಮಾಡಿಕೊಂಡೆ. ಬ್ರಷ್ಷನ್ನು ಅದರಲ್ಲಿ ಅದ್ದಿ, ಹಳೆಯ ಪೇಪರಿಗೆ ಒರೆಸಿ ಒರೆಸಿ, ಬಹುತೇಕ ಒಣಗಿದ ಬ್ರಷ್ಷಿನಿಂದ ಕೆಂಪಿನ ಮೇಲೆ ಸವರಿದೆ. ಮಾಡಿನ ನೆರಳು ಬೀಳುವ ಗೆರೆಯಿಂದ ಕೆಳಕ್ಕೆ ಮಾತ್ರ. ತಲೆಕಟ್ಟುಗಳು ಕೆಂಪಾಗಿಯೇ ಉಳಿದವು, ಹೊಟ್ಟೆಗಳು ಮಾಸಿದವು. ಕಪ್ಪು ಶೇಡನ್ನು ಮುಟ್ಟಲಿಲ್ಲ. ಅಷ್ಟಕ್ಕೇ ಅರ್ಧ ಕೆಲಸ ಮುಗಿದ ಹಾಗಾಯಿತು. ರಸ್ತೆಯ ಆಚೆಯಿಂದ ನೋಡಿದರೆ ಎರಡು ಅರ್ಧಗಳು ಆಗಲೇ ಒಂದಾಗಿದ್ದವು.

ಸವೆತಕ್ಕೆ: ತೆಂಗಿನ ಗರಟೆಯ ಚೂರಿನಿಂದ ಮೇಣ ಇದ್ದಲ್ಲಿ ಮೆಲ್ಲಗೆ ಎಬ್ಬಿದೆ. ಚಕ್ಕೆ ಚಕ್ಕೆಯಾಗಿ ಎದ್ದಿತು, ಕೆಳಗೆ ಚೊಗರಿನ ಬೂದಿ. ಚಾಕು ಬೇಡ, ಅದು ಮರಕ್ಕೂ ಗೀರು ಹಾಕುತ್ತದೆ. ಆಮೇಲೆ 320 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಕೆಳಗಿನ ಅಂಚಿನಲ್ಲಿ, ಒತ್ತಕ್ಷರಗಳ ಮೇಲೆ ಉಜ್ಜಿದೆ. ‘ಲ್ಲ’ದ ಒತ್ತು ಅರ್ಧ ಹೋಯಿತು. ‘ಕ್ಕಿ’ಯದ್ದು ಶೇಡ್ ಮಾತ್ರ ಉಳಿಯಿತು. ‘ಪ್ಪು’ವಿನ ಒತ್ತನ್ನು ಓದುವಷ್ಟು ಬಿಟ್ಟೆ. ಮೇಣದ ಅಂಶ ಉಳಿಯದಂತೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಮುಂದೆ ಹಾಕುವ ಕೊಳೆ ಅಲ್ಲಿ ನಿಲ್ಲುವುದಿಲ್ಲ.

ಟಾರ್ಪಾಲು ಹಗ್ಗದ ಗೆರೆ ಬಲಗಡೆಗೂ ಮುಂದುವರಿಯಬೇಕಲ್ಲ. ಅದಕ್ಕೆ ಉಪ್ಪು ಕಾಗದದಲ್ಲಿ ಗೆರೆ ಎಳೆದರೆ ಸರಿಯಾಗಲಿಲ್ಲ, ಚೂರು ಹಲಗೆಯ ಮೇಲೆ ನೋಡಿದ್ದೆ. ನಾರಿನ ಹಗ್ಗವನ್ನೇ ಒದ್ದೆ ಮಾಡಿ, ಹೊಳೆಯ ಸಣ್ಣ ಮರಳು ಹತ್ತಿಸಿ, ಹಳೆಯ ಗೆರೆಯ ಓರೆಯಲ್ಲೇ ಇಟ್ಟು ಎರಡು ಕಡೆಯಿಂದ ಎಳೆದಾಡಿದೆವು. ಒಂದು ತುದಿ ನಾನು, ಇನ್ನೊಂದು ತುದಿ ಮಾವ. ಇಪ್ಪತ್ತು ನಿಮಿಷಕ್ಕೆ ಗೆರೆ ಬಂತು. ‘ರಿ’ಯ ಮೇಲೆ ಹಾದುಹೋಗುವಲ್ಲಿ ಹಗ್ಗ ಸ್ವಲ್ಪ ಹಾರಿ ಎರಡು ಗೆರೆಯಾಯಿತು. ಹಳೆಯ ಅರ್ಧದಲ್ಲೂ ಹಾಗೇ ಒಂದು ಕಡೆ ಎರಡಾಗಿತ್ತು.

ತುಕ್ಕನ್ನು ಬಣ್ಣದಿಂದಲೂ ಬರೆಯಬಹುದು. ರೆಡ್ ಆಕ್ಸೈಡನ್ನು ತೆಳ್ಳಗೆ ಮಾಡಿ ಮೊಳೆಯಿಂದ ಕೆಳಕ್ಕೆ ಎಳೆಯುತ್ತಾರೆ. ಮೊಳೆಯ ಹತ್ತಿರ ಕಿರಿದು ಮತ್ತು ಗಾಢ, ಕೆಳಗೆ ಹೋದಂತೆ ಅಗಲ ಮತ್ತು ತೆಳು. ನನಗೆ ನಿಜವಾದ ತುಕ್ಕೇ ಬೇಕಿತ್ತು. ಹಳೆಯ ಕಬ್ಬಿಣದ ಮೊಳೆ ಹೊಡೆದು, ಬೋರ್ಡನ್ನು ನೆಟ್ಟಗೆ ನಿಲ್ಲಿಸಿ, ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರನ್ನು ದಿನಕ್ಕೆ ಮೂರು ಸಲ ಮೊಳೆಯ ತಲೆಗೆ ಮಾತ್ರ ಹನಿ ಹನಿಯಾಗಿ ಬಿಟ್ಟೆ. ಐದನೆಯ ದಿನಕ್ಕೆ ಕಂದು ಕಣ್ಣೀರು ಇಳಿಯಿತು. ಆಮೇಲೆ ಬರೀ ನೀರಿನಲ್ಲಿ ಉಪ್ಪು ತೊಳೆಯಬೇಕು. ಅದು ಉಳಿದರೆ ತುಕ್ಕು ನಿಲ್ಲುವುದಿಲ್ಲ.

ಕೊಳೆ ಹಾಕುವಾಗ ಕೈ ಮೀರಿತು. ಕಂದು ಸ್ಟೇನರ್, ಚಿಟಿಕೆ ಬಚ್ಚಲ ಒಲೆಯ ಮಸಿ, ಟರ್ಪೆಂಟೈನ್, ಸ್ವಲ್ಪ ಅಗಸೆ ಎಣ್ಣೆ. ಇದನ್ನು ಬಳಿದು ಬಟ್ಟೆಯಲ್ಲಿ ಒರೆಸಿದರೆ ಸಂದಿಗಳಲ್ಲಿ, ಚಕ್ಕೆಯ ಅಂಚಿನಲ್ಲಿ ಮಾತ್ರ ಉಳಿಯಬೇಕು. ನಾನು ಪೂರ್ತಿ ಬಳಿದು ಊಟಕ್ಕೆ ಹೋದೆ. ಬಂದು ನೋಡಿದರೆ ಇಡೀ ಅರ್ಧ ಚಹಾದಲ್ಲಿ ಅದ್ದಿದ ಹಾಗಿತ್ತು. ಮೊದಲ ವಾರ ಬೋರ್ಡು ನೋಡಿ ಕಲಿತದ್ದನ್ನೇ ಮರೆತಿದ್ದೆ. ಇನ್ನೂ ಪೂರ್ತಿ ಒಣಗಿರಲಿಲ್ಲ, ಟರ್ಪೆಂಟೈನಿನಲ್ಲಿ ಒರೆಸಿ ತೆಗೆದೆ. ಎರಡನೆಯ ಸಲ ಅಂಗೈ ಅಗಲದಷ್ಟು ಬಳಿದು, ಕೂಡಲೇ ಮೇಲಿಂದ ಕೆಳಕ್ಕೆ ಒರೆಸುತ್ತಾ ಹೋದೆ. ನೀರು ಅಡ್ಡಡ್ಡ ಹರಿಯುವುದಿಲ್ಲ, ಬಟ್ಟೆಯೂ ಅಡ್ಡ ಹೋಗಬಾರದು. ಕೆಳಗಿನ ಅಂಚಿಗೆ ಸ್ವಲ್ಪ ಹಸಿರು ಬೆರೆಸಿದೆ, ಪಾಚಿ ಒಣಗಿದ ಬಣ್ಣ. ಮಜ್ಜಿಗೆ ಬಳಿದು ನಿಜವಾದ ಪಾಚಿ ಬೆಳೆಸಬಹುದು ಅನ್ನುತ್ತಾರೆ. ಮಲೆನಾಡಿನಲ್ಲಿ ಅದಕ್ಕೆ ನಾವು ಶ್ರಮಪಡುವುದು ಬೇಡ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಅಂಗಳದ ತಂತಿಯ ಮೇಲೆ ಹರಡಿ ಒಣಗಿಸಿ.

ಕೊನೆಯ ಕೆಲಸಗಳು

ಹೊಸ ಅರ್ಧದ ಮೇಲೆ ಹೊಳಪಿಲ್ಲದ ವಾರ್ನಿಷ್ ತೆಳ್ಳಗೆ ಒಂದು ಕೋಟು ಕೊಟ್ಟೆ. ಇಲ್ಲದಿದ್ದರೆ ಕೊಳೆಯೆಲ್ಲ ಮೊದಲ ಮಳೆಗೇ ತೊಳೆದುಹೋಗುತ್ತದೆ. ಹಳೆಯ ಅರ್ಧಕ್ಕೆ ಏನೂ ಹಾಕಲಿಲ್ಲ. ಆ ಸುಣ್ಣದಂಥ ಪುಡಿ ವಾರ್ನಿಷ್ ಹೀರಿದರೆ ಬಣ್ಣವೇ ಗಾಢವಾಗಿ ಬದಲಾಗುತ್ತದೆ. ಹಿಂಭಾಗಕ್ಕೂ ನಾಲ್ಕು ಅಂಚಿಗೂ ಗೆದ್ದಲು ಬಾರದಂತೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆ. ಕೈಗವಸು ಹಾಕಿಕೊಳ್ಳಿ, ಅದು ಚರ್ಮಕ್ಕೆ ತಾಗಿದರೆ ಸುಡುತ್ತದೆ. ಗೇರೆಣ್ಣೆಗೆ ಮೊದಲು ಹಿಂದುಗಡೆ ಉಳಿಯಿಂದ ಸಣ್ಣದಾಗಿ ಕೆತ್ತಿದೆ: ‘ಬಲ ಅರ್ಧ ಹೊಸದು’, ಪಕ್ಕದಲ್ಲಿ ಇಸವಿ. ಮುಂದೆ ಯಾರಾದರೂ ಇದನ್ನು ಇಳಿಸಿ ನೋಡಿದರೆ ಅವರಿಗೆ ಗೊತ್ತಾಗಬೇಕು.

ತೂಗುಹಾಕುವ ಮೊದಲು ಮಾವ ದಂಬೆ ಬದಲಿಸಿದರು. ಬೋರ್ಡು ಹಾಳಾದದ್ದೇ ಅದರಿಂದ. ಅದನ್ನು ಬಿಟ್ಟು ಬೇರೆ ಏನು ಮಾಡಿದ್ದರೂ ದಂಡ.

ಮೇಲೇರಿಸಿದ ದಿನ ಮಧ್ಯಾಹ್ನ ಎಲ್ಲ ಸರಿಯಾಗಿತ್ತು. ಅತ್ತೆ ಕೆಳಗೆ ನಿಂತು ಬಹಳ ಹೊತ್ತು ನೋಡಿ, ‘ಉಪ್ಪು ಹಾಗೇ ಒತ್ಕೊಂಡಿದೆ’ ಎಂದರು. ಸಂಜೆ ಐದರ ಓರೆ ಬಿಸಿಲು ಬಿದ್ದಾಗ ಜೋಡಣೆ ಕಂಡಿತು. ಬಲಗಡೆ ಒಂದು ಸಣ್ಣ ಹೊಳಪು. ಹೊಳಪಿಲ್ಲದ್ದು ಅಂದರೂ ವಾರ್ನಿಷ್ ವಾರ್ನಿಷ್ಷೇ. ಮಾರನೆಯ ದಿನ ಏಣಿ ಹತ್ತಿ, ಒಲೆಯ ಬೂದಿಯನ್ನು ಸೀರೆ ಬಟ್ಟೆಯಲ್ಲಿ ಸೋಸಿ, ಒದ್ದೆ ಬಟ್ಟೆಗೆ ಹತ್ತಿಸಿ ಸುತ್ತಿ ಸುತ್ತಿ ಉಜ್ಜಿದೆ. ಹೊಳಪು ಸತ್ತಿತು. ಅಂದು ಸಂಜೆ ಅದೇ ಹೊತ್ತಿಗೆ ಮತ್ತೆ ಹೋಗಿ ನೋಡಿದೆ. ಜೋಡಣೆ ಎಲ್ಲಿದೆ ಎಂದು ನನಗೆ ಗೊತ್ತಿದ್ದರಿಂದ ಕಂಡಿತು. ಜೊತೆಯಲ್ಲಿದ್ದ ಬೋರ್ಡು ಬರೆಯುವ ಅಣ್ಣ ‘ಬೆ’ಯಿಂದ ಎರಡಂಗುಲ ಎಡಕ್ಕೆ ಬೆರಳು ತೋರಿಸಿ, ‘ಇಲ್ಲಿಂದ ನಿಮ್ದು ಅಲ್ವಾ?’ ಎಂದರು.

ಮೃಗಶಿರ ಮಳೆಗೆ ಮುಂಚೆ ಮಾವ ಟಾರ್ಪಾಲು ಕಟ್ಟಿದರು. ಈ ಸಲ ಹಗ್ಗವನ್ನು ಬೋರ್ಡಿನ ಮೇಲೆ ಹಾಯಿಸದೆ, ಕಂಬಕ್ಕೆ ಹೊಸದಾಗಿ ಕೊಕ್ಕೆ ಹೊಡೆದು ಅಲ್ಲಿಂದ ಬಿಗಿದಿದ್ದಾರೆ.